ಇಂಗ್ಲೆಂಡಿನ ಜೊತೆ 1707ರ ವಿಲೀನಕ್ಕೆ ಸ್ಕಾಟ್ಲೆಂಡ್ ಒಪ್ಪಿದ್ದು ಸರಿಯೇ?

ಪರ

ಪನಾಮಾದ ಡೇರಿಯನ್‌ನಲ್ಲಿ ತಮ್ಮದೇ ವಸಾಹತು ಕಟ್ಟಬೇಕು ಅಂತ ಸ್ಕಾಟರು ಕೂಡಿಟ್ಟ ದುಡ್ಡಿನ ದೊಡ್ಡ ಪಾಲನ್ನೇ ಸುರಿದಿದ್ದರು. 1698ರಲ್ಲಿ ಹಡಗುಗಳು ಹೊರಟವು. ಎರಡೇ ವರ್ಷದಲ್ಲಿ ಜ್ವರ, ಹಸಿವು, ಸ್ಪೇನಿನವರ ಮುತ್ತಿಗೆ. ಹಣವೂ ಹೋಯಿತು, ಜನರೂ ಹೋದರು. ಇಂಗ್ಲೆಂಡಿನ ವಸಾಹತುಗಳ ಜೊತೆ ವ್ಯಾಪಾರ ಮಾಡೋಣ ಅಂದರೆ ಅಲ್ಲಿನ ಕಾನೂನು ಅಡ್ಡ. 1603ರಲ್ಲೇ ಎರಡೂ ದೇಶಕ್ಕೆ ಒಬ್ಬನೇ ರಾಜ ಬಂದಿದ್ದ. ಮಾರುಕಟ್ಟೆಯ ಬಾಗಿಲು ಮಾತ್ರ ತೆರೆದಿರಲಿಲ್ಲ.

ವಿಲೀನದಿಂದ ಅದು ತೆರೆಯಿತು. ಹೊಗೆಸೊಪ್ಪಿನ ವ್ಯಾಪಾರದಲ್ಲಿ ಗ್ಲಾಸ್ಗೋ ಬೆಳೆದು ನಿಂತಿತು. ಈಸ್ಟ್ ಇಂಡಿಯಾ ಕಂಪನಿಯಲ್ಲೂ ಸ್ಕಾಟರು ತುಂಬಿಕೊಂಡರು. ನಮ್ಮ ಬಳ್ಳಾರಿ ಸೀಮೆಯಲ್ಲಿ ಅಧಿಕಾರ ನಡೆಸಿದ ಥಾಮಸ್ ಮನ್ರೋ ಗ್ಲಾಸ್ಗೋದ ವ್ಯಾಪಾರಿಯ ಮಗ.

ನನಗೆ ಜಾಸ್ತಿ ಹಿಡಿಸುವುದು ಬೇರೆ ವಿಷಯ. ಸ್ಕಾಟ್ಲೆಂಡ್ ಸುಮ್ನೆ ಕರಗಿಹೋಗಲಿಲ್ಲ. ನಮ್ಮ ಕಾನೂನು, ಕೋರ್ಟು, ಚರ್ಚು ಹಾಗೇ ಉಳಿಯಬೇಕು ಅಂತ ಬರೆಸಿಕೊಂಡಿತು. ಇವತ್ತಿಗೂ ಎಡಿನ್‌ಬರೋದಲ್ಲಿ ಕ್ರಿಮಿನಲ್ ಕೇಸಿಗೆ ಜ್ಯೂರಿಯಲ್ಲಿ 15 ಜನ ಕೂರುತ್ತಾರೆ. ಲಂಡನ್ನಿನಲ್ಲಿ 12.

ವಿರೋಧ

ಯಾರನ್ನು ಕೇಳಿ ಮಾಡಿದರು? ವಿಲೀನ ಬೇಡ ಅಂತ ಊರೂರಿಂದ ಅರ್ಜಿಗಳು ಬಂದವು. ಎಡಿನ್‌ಬರೋ, ಗ್ಲಾಸ್ಗೋದಲ್ಲಿ ಗಲಭೆಗಳಾದವು. ಆದರೂ 1707ರ ಜನವರಿ 16ರಂದು ಸ್ಕಾಟ್ ಸಂಸತ್ತು 110ಕ್ಕೆ 67 ಮತಗಳಿಂದ ಒಪ್ಪಿಬಿಟ್ಟಿತು. ಅದಕ್ಕೂ ಮೊದಲೇ, 1705ರಲ್ಲಿ, ಇಂಗ್ಲೆಂಡ್ ಕಾನೂನು ಮಾಡಿ ಹೆದರಿಸಿತ್ತು: ಮಾತುಕತೆಗೆ ಬರದಿದ್ದರೆ ನಿಮ್ಮ ದನ, ಲಿನನ್ ಬಟ್ಟೆ, ಕಲ್ಲಿದ್ದಲು ನಮಗೆ ಬೇಡ, ನಿಮ್ಮ ಜನ ನಮಗೆ ಪರದೇಶಿಗಳು. ಕುತ್ತಿಗೆ ಮೇಲೆ ಕತ್ತಿ ಇಟ್ಟು ಪಡೆದದ್ದು ಒಪ್ಪಿಗೆ ಹೇಗಾಗುತ್ತೆ?

ಇನ್ನು ದುಡ್ಡು. ಇಂಗ್ಲೆಂಡಿನ ಸಾಲದ ಹೊರೆಗೆ ಹೆಗಲು ಕೊಡುವುದಕ್ಕೆ ಪ್ರತಿಯಾಗಿ ಸ್ಕಾಟ್ಲೆಂಡಿಗೆ 3,98,085 ಪೌಂಡ್ ಬಂತು. ಡೇರಿಯನ್ ಷೇರುದಾರರ ನಷ್ಟ ತುಂಬಿಕೊಡುವುದಕ್ಕೂ ಇದೇ ಹಣ. ಮತ ಹಾಕಿದ ಸದಸ್ಯರಲ್ಲೂ ಷೇರುದಾರರಿದ್ದರು! ಆಗಸ್ಟಿನಲ್ಲಿ ಕುದುರೆ ಸವಾರರ ಕಾವಲಿನಲ್ಲಿ 12 ಬಂಡಿಗಳು ಎಡಿನ್‌ಬರೋಗೆ ಬಂದವು. ಹಣ ಇಳಿಸಿ ವಾಪಸ್ ಹೊರಟಾಗ ಜನ ಕಲ್ಲು ತೂರಿದರು. ಆ ಜನರ ಸಿಟ್ಟು ನನಗೆ ಅರ್ಥವಾಗುತ್ತೆ.

ಬರೆಸಿಕೊಂಡದ್ದೆಲ್ಲ ಉಳಿಯಿತಾ? ಫ್ರಾನ್ಸ್, ಸ್ಪೇನ್ ಜೊತೆ ಆಗ ನಡೆಯುತ್ತಿದ್ದ ಯುದ್ಧ ಮುಗಿಯುವವರೆಗೆ ಮಾಲ್ಟ್ (ಬಿಯರ್‌ಗೆ ಬಳಸುವ ಮೊಳಕೆ ಧಾನ್ಯ) ಮೇಲೆ ತೆರಿಗೆ ಇಲ್ಲ ಅಂತಲೂ ಬರೆಸಿಕೊಂಡಿದ್ದರು. ಯುದ್ಧ ಇನ್ನೂ ಪೂರ್ತಿ ಮುಗಿದಿಲ್ಲ ಅಂತ ಸ್ಕಾಟರು ಹೇಳುತ್ತಿದ್ದರೂ 1713ರಲ್ಲಿ ತೆರಿಗೆ ಹಾಕಲು ಹೊರಟರು. ಒಂದಾದ ಸಂಸತ್ತಿನ ಕೆಳಮನೆ, 558 ಜನರ ಕಾಮನ್ಸ್ ಸಭೆಯಲ್ಲಿ ಸ್ಕಾಟರು 45. ಅವರ ಮಾತು ನಡೆಯುತ್ತಾ? ಆಗ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಒಬ್ಬರು ಎದ್ದು ನಿಂತು, ವಿಲೀನವನ್ನೇ ರದ್ದು ಮಾಡಿ ಅಂದರು. ಅವರು ಸೀಫೀಲ್ಡ್. 1707ರಲ್ಲಿ ಸ್ಕಾಟ್ಲೆಂಡಿನ ಚಾನ್ಸಲರ್ ಆಗಿ ಇದೇ ಕಾಯ್ದೆಗೆ ಸಹಿ ಹಾಕಿದ್ದವರು. ಬರೀ 4 ಮತಗಳಲ್ಲಿ ಸೋತರು.