ಏರ್ ಬೆಡ್ ತಂದ ಮಾತ್ರಕ್ಕೆ ಬೆಡ್‌ಸೋರ್ ತಪ್ಪುವುದಿಲ್ಲ

ಹಿರಿಯರು ಹಾಸಿಗೆ ಹಿಡಿದರು ಅಂದ ಕೂಡಲೇ ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಬಾರದಿರಲಿ ಎಂದು ಮನೆಗೆ ಮೊದಲು ಬರುವುದು ಏರ್ ಬೆಡ್, ಪಂಪಿನಿಂದ ಗಾಳಿ ತುಂಬುವ ಹಾಸಿಗೆ. ಪಂಪ್ ಗುಂಯ್ ಅನ್ನಲು ಶುರುವಾದರೆ ಮನೆಯವರಿಗೆಲ್ಲ ನಿರಾಳ. ನನ್ನ ತಕರಾರು ಇರುವುದು ಆ ನಿರಾಳದ ಬಗ್ಗೆ. ಏರ್ ಬೆಡ್ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಮಗ್ಗಲು ಬದಲಿಸುವ ಕೆಲಸವನ್ನು ಅದು ಮಾಡುವುದಿಲ್ಲ.

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಓಡಾಡುವುದಿಲ್ಲ. ಕೆಲವೇ ಗಂಟೆ ಹಾಗೇ ಬಿಟ್ಟರೂ ಹಾನಿ ಶುರು. ಎಷ್ಟೋ ಸಲ ಅದು ಮೂಳೆಯ ಹತ್ತಿರ, ಒಳಗೆ ಶುರುವಾಗಿ ಮೇಲಕ್ಕೆ ತಡವಾಗಿ ಕಾಣಿಸುತ್ತದೆ. "ಮೊನ್ನೆವರೆಗೂ ಏನೂ ಇರಲಿಲ್ಲ, ಇದ್ದಕ್ಕಿದ್ದಂತೆ ಇಷ್ಟಾಯಿತು" ಎಂದು ಜನ ಹೇಳುವುದು ಇದಕ್ಕೇ.

ನೋಡಬೇಕಾದ ಜಾಗಗಳು: ಸೊಂಟದ ಕೆಳಗಿನ ತ್ರಿಕೋನ ಮೂಳೆ, ಎರಡೂ ಹಿಮ್ಮಡಿ, ತೊಡೆ ಸೊಂಟಕ್ಕೆ ಸೇರುವ ಪಕ್ಕದ ಮೂಳೆ, ಹೆಗಲ ಹಿಂಭಾಗ, ಮೊಣಕೈ, ತಲೆಯ ಹಿಂಭಾಗ. ಕಿವಿಯ ಅಂಚನ್ನು ಎಲ್ಲರೂ ಮರೆಯುತ್ತಾರೆ, ಆಮ್ಲಜನಕದ ನಳಿಕೆ ಹಾಕಿದ್ದರಂತೂ ಕಿವಿಯ ಹಿಂದೆ ನೋಡಲೇಬೇಕು. ಕೆಂಪಗಾದ ಕಡೆ ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಮೊದಲ ಹಂತದ ಹುಣ್ಣೇ, ಚರ್ಮ ಒಡೆದಿರದಿದ್ದರೂ ಸರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯೋ, ಗಟ್ಟಿಯೋ, ಮುಟ್ಟಿದರೆ ನೋವೋ ಎಂದು ಕೈಯಿಂದಲೇ ತಿಳಿಯಬೇಕು.

ಮಗ್ಗಲು ಬದಲಿಸುವುದು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ. ಒಳ್ಳೆಯ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ ವೈದ್ಯರನ್ನು ಕೇಳಿ ಅಂತರ ಹೆಚ್ಚಿಸಬಹುದು. ಹೇಗೆ ಹೊರಳಿಸುವುದು ಅಂದರೆ, ಮೊದಲು ಏನು ಮಾಡುತ್ತೀರೆಂದು ಅವರಿಗೆ ಹೇಳಿ. ನೀವು ನಿಂತ ಕಡೆಗೆ ಹೊರಳಿಸುವುದಾದರೆ ನಿಮ್ಮಿಂದ ದೂರದ ಮಂಡಿಯನ್ನು ಮಡಿಸಿ, ಆ ಕಡೆಯ ಕೈಯನ್ನು ಎದೆಯ ಮೇಲಿಡಿ. ಆಮೇಲೆ ಹೆಗಲು ಮತ್ತು ಸೊಂಟ ಎರಡನ್ನೂ ಒಟ್ಟಿಗೆ ಹಿಡಿದು ನಿಮ್ಮತ್ತ ತನ್ನಿ. ಕೈ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. 30 ಡಿಗ್ರಿ ವಾಲಿದರೆ ಸಾಕು, ಬೆನ್ನ ಹಿಂದೆ ಉದ್ದದ ದಿಂಬು ಕೊಡಿ. ನಂತರ ಅಂಗೈಯನ್ನು ತ್ರಿಕೋನ ಮೂಳೆಯ ಕೆಳಗೆ ತೂರಿಸಿ ನೋಡಿ, ಅಲ್ಲಿ ಹಾಸಿಗೆ ತಾಗುತ್ತಿರಬಾರದು. ಮಂಡಿಗಳ ನಡುವೆ ಒಂದು ದಿಂಬು. ಅಂಗಾತ ಮಲಗಿಸಿದಾಗ ಮೀನಖಂಡದ ಉದ್ದಕ್ಕೂ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ.

ತಲೆಯ ಕಡೆ ಮಂಚ ಎತ್ತರಿಸಿಟ್ಟರೆ ಮೈ ಕೆಳಗೆ ಜಾರುತ್ತದೆ, ಚರ್ಮ ಮಾತ್ರ ಬಟ್ಟೆಗೆ ಅಂಟಿಕೊಂಡಿರುತ್ತದೆ. ಒಳಗಿನ ರಕ್ತನಾಳ ಎಳೆತಕ್ಕೆ ಸಿಕ್ಕಿ ಹರಿದುಹೋಗುವುದು ಹೀಗೆ. ಊಟಕ್ಕೆ ನೇರವಾಗಿ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ, ಇಲ್ಲದಿದ್ದರೆ ತಿಂದದ್ದು ಶ್ವಾಸಕೋಶಕ್ಕೆ ಹೋಗಬಹುದು. ಉಳಿದ ಹೊತ್ತು, ವೈದ್ಯರು ಬೇರೆ ಹೇಳಿರದಿದ್ದರೆ, 30 ಡಿಗ್ರಿ ಮೀರಬಾರದು. ಜಾರಿದವರನ್ನು ಮೇಲಕ್ಕೆ ತರಲು ಸೊಂಟದ ಕೆಳಗೆ ಹಾಸಿದ ಅಡ್ಡ ಬಟ್ಟೆಯನ್ನು ಇಬ್ಬರು ಎರಡೂ ಬದಿಯಿಂದ ಹಿಡಿದು ಎತ್ತಬೇಕು. ಒಬ್ಬರೇ ಕಂಕುಳಿಗೆ ಕೈಹಾಕಿ ಎಳೆದರೆ ಅವರ ಚರ್ಮವೂ ಹೋಯಿತು, ನಿಮ್ಮ ಬೆನ್ನೂ ಹೋಯಿತು.

ಇನ್ನು ಏರ್ ಬೆಡ್. ಪಂಪಿನ ಗುಂಡಿಯನ್ನು ಅವರ ತೂಕಕ್ಕೆ ಹೊಂದಿಸಿರಬೇಕು. ಗಟ್ಟಿಯಾಗಿರಲಿ ಅಂತ ಪೂರ್ತಿ ತಿರುಗಿಸಿಟ್ಟರೆ ಹಲಗೆಯ ಮೇಲೆ ಮಲಗಿಸಿದ ಹಾಗೆ. ಮಲಗಿದವರ ಸೊಂಟದ ನೇರಕ್ಕೆ ಏರ್ ಬೆಡ್‌ನ ಅಡಿಗೆ ಕೈ ಹಾಕಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು, ಸುಮಾರು ಎರಡೂವರೆ ಸೆಂಟಿಮೀಟರ್ ಗಾಳಿ ಉಳಿದಿರಬೇಕು. ಮೇಲೆ ಹೊದಿಕೆ, ರಬ್ಬರ್ ಶೀಟು, ಅದರ ಮೇಲೆ ಮಡಿಸಿದ ಬಟ್ಟೆ ಹಾಸಿದರೆ ಹಾಸಿಗೆ ಕೊಂಡದ್ದೇ ದಂಡ. ಒಂದೇ ತೆಳು ಬಟ್ಟೆ ಸಾಕು.

ಕೆಂಪಾದ ಕಡೆ ಮಸಾಜ್ ಮಾಡಬೇಡಿ, ಸ್ಪಿರಿಟ್ ಹಚ್ಚಬೇಡಿ. ನಡುವೆ ತೂತಿರುವ ರಿಂಗ್ ದಿಂಬನ್ನು ಇವತ್ತಿಗೂ ಮಾರುತ್ತಾರೆ, ಅದು ಸುತ್ತಲಿನ ರಕ್ತ ತಡೆದು ಇನ್ನಷ್ಟು ಕೆಡಿಸುತ್ತದೆ. ಡಯಾಪರ್ ತುಂಬುವವರೆಗೆ ಕಾಯುವ ಲೆಕ್ಕಾಚಾರವೂ ದುಬಾರಿಯೇ, ಒದ್ದೆ ಚರ್ಮ ಬೇಗ ಕಿತ್ತು ಬರುತ್ತದೆ. ಒರೆಸಿ, ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮು ತೆಳುವಾಗಿ ಹಚ್ಚಿ. ಬಾಯಿಂದ ಊಟ ಮಾಡುವವರಿಗೆ ಗಂಜಿ ಒಂದರಲ್ಲೇ ದಿನ ಕಳೆಯಬೇಡಿ. ಹುಣ್ಣಿನ ಅಪಾಯ ಇರುವವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ವೈದ್ಯರೇ ಲೆಕ್ಕ ಹೇಳಲಿ.

ಚರ್ಮ ಒಡೆದ ಮೇಲೆ ಮನೆಮದ್ದಿನ ಮಾತೇ ಬೇಡ. ಸಲೈನ್‌ನಿಂದ ತೊಳೆದು, ಡ್ರೆಸ್ಸಿಂಗ್ ಯಾವುದೆಂದು ವೈದ್ಯರನ್ನು ಕೇಳಿ. ಹಿಮ್ಮಡಿಯ ಮೇಲಿನ ಒಣಗಿದ ಕಪ್ಪು ಹಕ್ಕಳೆಯನ್ನು ಕೀಳಬಾರದು. ಕೆಟ್ಟ ವಾಸನೆ, ಕೀವು, ಜ್ವರ, ಇದ್ದಕ್ಕಿದ್ದಂತೆ ಗೊಂದಲದ ಮಾತು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ತೋರಿಸಬೇಕು.

ಇದೆಲ್ಲ ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಹೋಮ್ ನರ್ಸ್ ಇಟ್ಟರೂ ಹಗಲು ಮಾತ್ರ ಇದ್ದರೆ ರಾತ್ರಿಯ ಎಂಟು ತಾಸು ಯಾರದ್ದೂ ಅಲ್ಲ, ಹುಣ್ಣಾಗುವುದು ಆ ಹೊತ್ತಿನಲ್ಲೇ. ಗೋಡೆಗೆ ಒಂದು ಹಾಳೆ ಅಂಟಿಸಿ: ಗಂಟೆ, ಎಡ, ಬಲ, ಅಂಗಾತ, ಮಾಡಿದವರ ಹೆಸರು. ರಾತ್ರಿಯ ಸಾಲುಗಳಲ್ಲಿ ಹೊಣೆ ಹೊತ್ತವರ ಹೆಸರು ಮೊದಲೇ ಬರೆದಿರಲಿ, ಗಂಡಸರ ಹೆಸರೂ ಸೇರಿ.