ಪಹಣಿ ಒಂದು ಕಡೆ, ಜಮೀನು ಇನ್ನೊಂದು ಕಡೆ

ಹಾಸನದ ತಾಲ್ಲೂಕು ಕಚೇರಿಯಲ್ಲಿ ಪಹಣಿಗಾಗಿ ಅಲೆದು ಸುಸ್ತಾದವರು, ಕೊನೇ ವರ್ಷದ ಪ್ರಾಜೆಕ್ಟ್ ಜ್ವರ ಏರಿದ ದಿನಗಳಲ್ಲಿ ಊರಿನ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಒಮ್ಮೆ ಹೋಗಿ ಕೂರಬೇಕು. ಕಂದಾಯ ಇಲಾಖೆಯ ಮೇಲೆ ತಾನಾಗಿಯೇ ಗೌರವ ಹುಟ್ಟುತ್ತದೆ.

ಅಲ್ಲಿ ಕಳೆದುಹೋಗಿರುವುದು ಹೆಡರ್ ಫೈಲ್. ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಜಮೀನಾದರೆ ಹೆಡರ್ ಅದರ ಪಹಣಿ. ಯಾವ ಫಂಕ್ಷನ್ ಇದೆ, ಅದಕ್ಕೆ ಏನು ಕೊಡಬೇಕು, ಯಾವ ಸ್ಟ್ರಕ್ಚರ್ ಎಷ್ಟು ಬೈಟ್, ಎಲ್ಲ ಅದರಲ್ಲೇ ಬರೆದಿರುತ್ತದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬ ಅಧಿಕಾರಿ ಜಮೀನಿಗೆ ಕಾಲಿಡುವವನಲ್ಲ. ಪಹಣಿ ನೋಡಿ ಸಹಿ ಹಾಕುತ್ತಾನೆ, ಅಷ್ಟೇ.

ಪಹಣಿ ಎಲ್ಲಿರಬೇಕು ಎಂಬುದಕ್ಕೆ ಕಾನೂನು ಇಲ್ಲದಿಲ್ಲ. ಲಿನಕ್ಸ್ ಫೌಂಡೇಶನ್ 2015ರಲ್ಲಿ ಹೊರತಂದ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್‌ನ 3.0ನೇ ಆವೃತ್ತಿ ಸ್ಪಷ್ಟವಾಗಿ ಹೇಳುತ್ತದೆ: ಸಿ ಭಾಷೆಯ ಸಾಮಾನ್ಯ ಬಳಕೆಯ ಹೆಡರ್‌ಗಳು /ಯುಎಸ್‌ಆರ್/ಇನ್‌ಕ್ಲೂಡ್ ಒಳಗಿರಬೇಕು. ಯಾರಿಗೂ ತಕರಾರಿಲ್ಲ. ಎಲ್ಲರೂ ಅದರೊಳಗೇ ಇದ್ದಾರೆ, ತಂತಮ್ಮ ಕೋಣೆ ಕಟ್ಟಿಕೊಂಡು, ಒಳಗಿಂದ ಚಿಲಕ ಹಾಕಿಕೊಂಡು.

"ಸರ್, ಓಪನ್‌ಎಸ್‌ಎಸ್‌ಎಲ್/ಎಸ್‌ಎಸ್‌ಎಲ್.ಎಚ್ ಇಲ್ಲ ಅಂತಿದೆ."

"ಓಪನ್‌ಎಸ್‌ಎಸ್‌ಎಲ್ ಹಾಕಿದೀಯೇನಪ್ಪ?"

"ಹಾಕಿದೀನಿ ಸರ್. ವರ್ಷನ್ ಕೇಳಿದ್ರೆ ಹೇಳ್ತಿದೆ."

"ಡೆವ್ ಹಾಕಿದೀಯಾ?"

ಹುಡುಗನ ಮುಖ ನೋಡಬೇಕು. ಜಮೀನು ಕೊಂಡವನಿಗೆ ಪಹಣಿ ಬೇರೆ ಕೊಳ್ಳಬೇಕು ಅಂದ ಹಾಗೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ, ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಅನ್ನು ಓಡಿಸುವವರಿಗೆ ಒಂದು ಪ್ಯಾಕೇಜ್, ಅದನ್ನು ಬಳಸಿ ಪ್ರೋಗ್ರಾಮ್ ಕಟ್ಟುವವರಿಗೆ ಇನ್ನೊಂದು. ಎರಡನೆಯದರ ಹೆಸರು ಲಿಬ್‌ಎಸ್‌ಎಸ್‌ಎಲ್-ಡೆವ್. ಅದೇ ಫೈಲಿಗೆ ಫೆಡೋರಾದಲ್ಲಿ ಓಪನ್‌ಎಸ್‌ಎಸ್‌ಎಲ್-ಡೆವೆಲ್ ಅನ್ನಬೇಕು. ಆಲ್ಪೈನ್‌ನಲ್ಲಿ ಓಪನ್‌ಎಸ್‌ಎಸ್‌ಎಲ್-ಡೆವ್, ಓಪನ್‌ಸೂಸೆಯಲ್ಲಿ ಲಿಬ್‌ಓಪನ್‌ಎಸ್‌ಎಸ್‌ಎಲ್-ಡೆವೆಲ್. ಆರ್ಚ್‌ನಲ್ಲಿ ಬೇರೆ ಪ್ಯಾಕೇಜೇ ಇಲ್ಲ, ಹೆಡರ್ ಜೊತೆಯಲ್ಲೇ ಬರುತ್ತದೆ. ಆರ್ಚ್ ಬಳಸುವವರು ಈ ವಿಷಯವನ್ನು ಕೇಳದಿದ್ದರೂ ಹೇಳುತ್ತಾರೆ. ಹೆಸರು ಊಹಿಸುತ್ತಾ ಕೂರುವ ಬದಲು ಫೈಲಿನ ಹೆಸರನ್ನೇ ಕೊಟ್ಟು ಕೇಳುವ ದಾರಿಯಿದೆ: ಡೆಬಿಯನ್ ಬಳಗದಲ್ಲಿ ಆ್ಯಪ್ಟ್-ಫೈಲ್ ಹಾಕಿ, ಮೊದಲು ಅದಕ್ಕೆ ಅಪ್‌ಡೇಟ್ ಕೊಟ್ಟು, ಆಮೇಲೆ ಸರ್ಚ್, ಫೆಡೋರಾದಲ್ಲಿ ಡಿಎನ್‌ಎಫ್ ಪ್ರೊವೈಡ್ಸ್. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇದೊಂದು ಬಿಟ್ಟು ಉಳಿದದ್ದೆಲ್ಲ ಇರುತ್ತದೆ.

ಇನ್ನು ಚಿತ್ರ ಗುರುತಿಸುವ ಲೈಬ್ರರಿ ಓಪನ್‌ಸಿವಿ. ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟ್ ಮಾಡದ ಬ್ಯಾಚ್ ಜಿಲ್ಲೆಯಲ್ಲಿ ಇರಲಾರದು, ಹಾಗಾಗಿ ಎಲ್ಲರೂ ಈ ಬಾಗಿಲಿಗೆ ಬಂದೇ ಬರುತ್ತಾರೆ. ನಾಲ್ಕನೇ ಆವೃತ್ತಿಯ ಹೆಡರ್‌ಗಳು /ಯುಎಸ್‌ಆರ್/ಇನ್‌ಕ್ಲೂಡ್/ಓಪನ್‌ಸಿವಿ4 ಒಳಗಿವೆ. ಬಾಗಿಲು ತೆಗೆದರೆ ಒಳಗೆ ಓಪನ್‌ಸಿವಿ2 ಎಂಬ ಇನ್ನೊಂದು ಡೈರೆಕ್ಟರಿ. ನಾಲ್ಕರ ಹೊಟ್ಟೆಯಲ್ಲಿ ಎರಡು! ಪ್ರೋಗ್ರಾಮಿನಲ್ಲಿ ಬರೆಯುವುದು ಓಪನ್‌ಸಿವಿ2/ಕೋರ್.ಎಚ್‌ಪಿಪಿ, ಕಂಪೈಲರ್‌ಗೆ ದಾರಿ ತೋರಿಸಬೇಕಾದದ್ದು ಓಪನ್‌ಸಿವಿ4ಕ್ಕೆ. ಹಳೆಯ ಪ್ರೋಗ್ರಾಮುಗಳು ಮುರಿಯಬಾರದೆಂದು ಹೆಸರು ಉಳಿಸಿಕೊಂಡರಂತೆ. ಉದ್ದೇಶ ಒಳ್ಳೆಯದೇ. ಪರಿಣಾಮವಾಗಿ ಇಂಟರ್ನೆಟ್ಟಿನಿಂದ ಇಳಿದ ಒಂದು ರಾಮಬಾಣ ಎಲ್ಲ ಕಂಪ್ಯೂಟರಿನಲ್ಲೂ ನಾಟಿದೆ: ಓಪನ್‌ಸಿವಿ2ನ್ನು ಹೊರಗೆಳೆದು /ಯುಎಸ್‌ಆರ್/ಇನ್‌ಕ್ಲೂಡ್‌ಗೆ ಒಂದು ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈ ತೋರುವ ಕೊಂಡಿ) ಹಾಕುವುದು, ಅದೂ ಅಡ್ಮಿನ್ ಅಧಿಕಾರದ ಸುಡೋ ಹಚ್ಚಿ. ಆ ಲಿಂಕ್ ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿಯ ಪುಸ್ತಕದಲ್ಲಿಲ್ಲ. ಪ್ಯಾಕೇಜ್ ತೆಗೆದರೂ ಅದು ಹೋಗುವುದಿಲ್ಲ, ಇಲ್ಲದ ಜಾಗಕ್ಕೆ ಕೈ ತೋರಿಸುತ್ತಾ ನಿಂತಿರುತ್ತದೆ.

ಜಿಲಿಬ್ ಎಂಬ ಲೈಬ್ರರಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಜಿಲಿಬ್.ಎಚ್ ಇರುವುದು /ಯುಎಸ್‌ಆರ್/ಇನ್‌ಕ್ಲೂಡ್/ಜಿಲಿಬ್-2.0 ಒಳಗೆ. ಆ ದಾರಿಯನ್ನು ಮೈನಸ್ ಐ ಹಾಕಿ ಕೊಟ್ಟರೆ ಕಂಪೈಲರ್ ಖುಷಿಯಿಂದ ಒಳಗೆ ಹೋಗಿ, ಮರುಕ್ಷಣ ಜಿಲಿಬ್‌ಕಾನ್ಫಿಗ್.ಎಚ್ ಇಲ್ಲವೆಂದು ಹೊರಗೆ ಬರುತ್ತದೆ. ಆ ಫೈಲ್ ಇನ್‌ಕ್ಲೂಡ್‌ನಲ್ಲೇ ಇಲ್ಲ. ಅದು /ಯುಎಸ್‌ಆರ್/ಲಿಬ್ ಒಳಗೆ, ಎಕ್ಸ್86_64-ಲಿನಕ್ಸ್-ಗ್ನೂ ಒಳಗೆ, ಜಿಲಿಬ್-2.0 ಒಳಗೆ, ಇನ್‌ಕ್ಲೂಡ್ ಎಂಬ ಇನ್ನೊಂದು ಡೈರೆಕ್ಟರಿಯೊಳಗೆ ತಣ್ಣಗೆ ಮಲಗಿದೆ. ಕಾರಣವೂ ಇದೆ: ಪ್ರೊಸೆಸರ್ ಬದಲಾದರೆ ಆ ಫೈಲಿನೊಳಗಿನ ಅಳತೆಗಳೂ ಬದಲಾಗುತ್ತವೆ, ಆದ್ದರಿಂದ ಎಲ್ಲರಿಗೂ ಸಾಮಾನ್ಯವಾದ ಜಾಗದಲ್ಲಿ ಇಡುವಂತಿಲ್ಲ. ಇಂಥ ವಿಚಾರದಲ್ಲಿ ಬೇಸರದ ಸಂಗತಿಯೆಂದರೆ ಪ್ರತಿಯೊಂದಕ್ಕೂ ಒಂದು ಸರಿಯಾದ ಕಾರಣ ಇದ್ದೇ ಇರುತ್ತದೆ.

ಇದಕ್ಕೆಲ್ಲ ಏಕಗವಾಕ್ಷಿ ಪರಿಹಾರವಾಗಿ ಪಿಕೆಜಿ-ಕಾನ್ಫಿಗ್ ಇದೆ. ಅನೇಕ ಲೈಬ್ರರಿಗಳು ಪಿಸಿ ಎಂಬ ಬಾಲದ ಒಂದು ಸಣ್ಣ ಫೈಲಿನಲ್ಲಿ ತಮ್ಮ ವಿಳಾಸ ಬರೆದಿಡುತ್ತವೆ. ಪಿಕೆಜಿ-ಕಾನ್ಫಿಗ್‌ಗೆ ಸಿಫ್ಲ್ಯಾಗ್ಸ್, ಲಿಬ್ಸ್ ಎಂದು ಕೇಳಿದರೆ ಜಿಲಿಬ್‌ನ ಎರಡೂ ದಾರಿ ಒಂದೇ ಸಾಲಿನಲ್ಲಿ ಸಿಗುತ್ತದೆ. ನಿಜಕ್ಕೂ ಒಳ್ಳೆಯ ವ್ಯವಸ್ಥೆ, ಬಳಸಬೇಕಾದದ್ದೂ ಇದನ್ನೇ. ಒಂದೇ ಸಮಸ್ಯೆ: ವಿಳಾಸದ ಫೈಲಿನ ವಿಳಾಸ ಹೇಳುವವರು ಬೇಕು. ಫೆಡೋರಾದ ಪಿಕೆಜಿ-ಕಾನ್ಫಿಗ್ ತಾನಾಗಿ ನೋಡುವುದು /ಯುಎಸ್‌ಆರ್/ಲಿಬ್64 ಮತ್ತು /ಯುಎಸ್‌ಆರ್/ಶೇರ್ ಒಳಗಿನ ಪಿಕೆಜಿಕಾನ್ಫಿಗ್ ಡೈರೆಕ್ಟರಿಗಳನ್ನು. ಕೈಯಾರೆ ಕಟ್ಟಿ /ಯುಎಸ್‌ಆರ್/ಲೋಕಲ್‌ಗೆ ಹಾಕಿದ್ದು ಅದಕ್ಕೆ ಕಾಣುವುದಿಲ್ಲ. ಅದೇ ಯಂತ್ರದ ಕಂಪೈಲರ್ ಜಿಸಿಸಿ ಮಾತ್ರ /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್ ಅನ್ನು /ಯುಎಸ್‌ಆರ್/ಇನ್‌ಕ್ಲೂಡ್‌ಗಿಂತ ಮೊದಲು ನೋಡುತ್ತದೆ. ಒಂದೇ ಕಚೇರಿ, ಎರಡು ಕೌಂಟರ್, ಮಾತುಕತೆ ಇಲ್ಲ. ಆಗ ಪಿಕೆಜಿ_ಕಾನ್ಫಿಗ್_ಪಾತ್ ಎಂಬ ವೇರಿಯಬಲ್‌ನಲ್ಲಿ ದಾರಿ ಬರೆದುಕೊಡಬೇಕು, ಅದೂ ಲಿಬ್ ಒಳಗಿದೆಯೋ ಲಿಬ್64 ಒಳಗಿದೆಯೋ ನೋಡಿಕೊಂಡು.

ಈ "ಮೊದಲು" ಎಂಬಲ್ಲೇ ನಿಜವಾದ ಅಪಾಯ ಕೂತಿದೆ. ಹೋದ ವರ್ಷದ ಬ್ಯಾಚಿನವರು ಒಂದು ಲೈಬ್ರರಿಯನ್ನು ಕೈಯಾರೆ ಕಟ್ಟಿ, ಸುಡೋ ಮೇಕ್ ಇನ್‌ಸ್ಟಾಲ್ ಕೊಟ್ಟು ಅಲ್ಲಿಗೆ ಹಾಕಿ ಹೋಗಿರುತ್ತಾರೆ. ಕಟ್ಟಿದ ಡೈರೆಕ್ಟರಿ ಅಳಿಸಿರುವುದರಿಂದ ಅನ್‌ಇನ್‌ಸ್ಟಾಲ್ ಮಾಡುವ ದಾರಿಯೂ ಹೋಗಿರುತ್ತದೆ. ಯಾರೋ ಬುದ್ಧಿವಂತ ಹಳೆಯ ಡಾಟ್ ಎಸ್‌ಒ, ಅಂದರೆ ಲೈಬ್ರರಿಯ ಫೈಲು, ತೆಗೆದು, ಹೆಡರ್ ಅಲ್ಲೇ ಬಿಟ್ಟಿರುತ್ತಾನೆ. ಈಗ ಕಂಪೈಲರ್ ಓದುವುದು ಹಳೆಯ ಪಹಣಿ, ಪ್ರೋಗ್ರಾಮಿಗೆ ಲೈಬ್ರರಿ ಜೋಡಿಸುವ ಲಿಂಕರ್ ಕೊಡುವುದು ಹೊಸ ಜಮೀನು. ಕಾಗದದಲ್ಲಿ ಎರಡು ಎಕರೆ, ಅಳೆದರೆ ಒಂದು ಎಕರೆ ಮೂವತ್ತು ಗುಂಟೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಓಡಿಸಿದಾಗ ಸ್ಟ್ರಕ್ಚರ್‌ನ ಗಡಿ ದಾಟಿ ಪಕ್ಕದವರ ಮೆಮೊರಿಯಲ್ಲಿ ಉತ್ತು, ಸೆಗ್‌ಮೆಂಟೇಶನ್ ಫಾಲ್ಟ್ ಎಂದು ಪ್ರೋಗ್ರಾಮ್ ಕುಸಿಯುತ್ತದೆ. ಜಿಲಿಬ್‌ನ ಹೆಸರಿಗೆ ಹತ್ತಿರದ, ಡೇಟಾ ಕುಗ್ಗಿಸುವ ಝಡ್‌ಲಿಬ್ ಈ ಮೋಸ ಹಿಡಿಯಬಲ್ಲದು. ಇನ್‌ಫ್ಲೇಟ್ (ಕುಗ್ಗಿಸಿದ್ದನ್ನು ಹಿಗ್ಗಿಸುವ ಕೆಲಸ) ಶುರುಮಾಡುವಾಗಲೇ ಹೆಡರ್‌ನ ಆವೃತ್ತಿಯನ್ನೂ ಸ್ಟ್ರಕ್ಚರ್‌ನ ಗಾತ್ರವನ್ನೂ ಕೇಳಿ ತಾಳೆ ನೋಡುತ್ತದೆ. ಪಿಎನ್‌ಜಿ ಚಿತ್ರಗಳ ಲಿಬ್‌ಪಿಎನ್‌ಜಿಯೂ ಆವೃತ್ತಿ ಕೇಳುತ್ತದೆ. ಉಳಿದ ಬಹುತೇಕ ಲೈಬ್ರರಿಗಳಿಗೆ ಅಷ್ಟು ಪುರುಸೊತ್ತಿಲ್ಲ.

ಅನುಮಾನ ಬಂದರೆ ಜಿಸಿಸಿ -ಇ -ವಿ -ಎಕ್ಸ್ ಸಿ /ಡೆವ್/ನಲ್ ಎಂದು ಕೊಡಿ (ಇ ಮಾತ್ರ ದೊಡ್ಡಕ್ಷರ). ಯಾವ ಡೈರೆಕ್ಟರಿಗಳನ್ನು ಯಾವ ಸರದಿಯಲ್ಲಿ ನೋಡುತ್ತದೆಂದು ಅದೇ ಒಪ್ಪಿಕೊಳ್ಳುತ್ತದೆ. ಆಮೇಲೆ ಅನುಮಾನದ ಹೆಡರ್ ಮೇಲೆ ಡಿಪಿಕೆಜಿ ಮೈನಸ್ ಎಸ್ (ಇದೂ ದೊಡ್ಡಕ್ಷರ) ಓಡಿಸಿ. ಯಾವ ಪ್ಯಾಕೇಜಿಗೂ ಸೇರಿಲ್ಲ ಎಂದರೆ ಅದು ಹೋದ ಬ್ಯಾಚಿನ ಕೊಡುಗೆ.

ಲಿನಕ್ಸ್ ಬೇಡವೆಂದು ವಲಸೆ ಹೊರಟವರಿಗೆ ಸಂಕ್ಷಿಪ್ತ ಮಾಹಿತಿ. ಫ್ರೀಬಿಎಸ್‌ಡಿಯಲ್ಲಿ ಪ್ಯಾಕೇಜುಗಳ ಹೆಡರ್ ಎಲ್ಲ ಶಿಸ್ತಾಗಿ /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್‌ನಲ್ಲಿವೆ. ಅದರ ಸ್ವಂತ ಕಂಪೈಲರ್ ಮಾತ್ರ ಹೇಳದೆ ಅತ್ತ ತಿರುಗುವುದಿಲ್ಲ. ನೆಟ್‌ಬಿಎಸ್‌ಡಿಯಲ್ಲಿ /ಯುಎಸ್‌ಆರ್/ಪಿಕೆಜಿ/ಇನ್‌ಕ್ಲೂಡ್. ಹೈಕುವಿನಲ್ಲಿ /ಬೂಟ್/ಸಿಸ್ಟಮ್/ಡೆವೆಲಪ್/ಹೆಡರ್ಸ್. ಲಿನಕ್ಸ್ ಬಿಡದೆಯೇ ನಿಕ್ಸ್‌ಓಎಸ್‌ಗೆ ಹೋದರೆ ಅಲ್ಲಿ /ಯುಎಸ್‌ಆರ್/ಇನ್‌ಕ್ಲೂಡ್ ಎಂಬ ಜಾಗವೇ ಇಲ್ಲ, ಗಲಾಟೆಯೂ ಇಲ್ಲ ಎನ್ನುತ್ತಾರೆ ಅಲ್ಲಿನವರು.

ಇಷ್ಟೆಲ್ಲ ಆದಮೇಲೆ ಒಬ್ಬ ಸಜ್ಜನ ತನ್ನ ಸಿಮೇಕ್ (ಪ್ರೋಗ್ರಾಮ್ ಕಟ್ಟುವ ಕೆಲಸ ಸಿದ್ಧಪಡಿಸುವ ಸಾಧನ) ಫೈಲಿನ ಕಂಪೈಲರ್ ಫ್ಲ್ಯಾಗ್‌ಗಳಲ್ಲಿ, ಎಲ್ಲೂ ತಪ್ಪಬಾರದೆಂದು, ಮೈನಸ್ ಐಸಿಸ್ಟಮ್ ಹಾಕಿ /ಯುಎಸ್‌ಆರ್/ಇನ್‌ಕ್ಲೂಡ್ ಅನ್ನೇ ಸಿಸ್ಟಮ್ ಡೈರೆಕ್ಟರಿಯಾಗಿ ನಮೂದಿಸುತ್ತಾನೆ. ಕಾನೂನು ಹೇಳಿದ ಜಾಗವೇ ತಾನೆ? 2016ರಲ್ಲಿ ಬಂದ ಜಿಸಿಸಿ 6ರಿಂದೀಚೆಗೆ ಅದಕ್ಕೆ ಸಿಗುವ ಉತ್ತರ: ಎಸ್‌ಟಿಡಿಲಿಬ್.ಎಚ್ ಇಲ್ಲ. ಫೈಲ್ ಅದೇ ಡೈರೆಕ್ಟರಿಯಲ್ಲಿ ಕಣ್ಣೆದುರೇ ಇದೆ. ಆಗುವುದು ಇಷ್ಟು: ಸಿ++ನ ಸಿಎಸ್‌ಟಿಡಿಲಿಬ್ ಎಂಬ ಹೆಡರ್, "ಸರದಿಯಲ್ಲಿ ನನ್ನ ಮುಂದಿನವರ ಬಳಿ ಇರುವ ಎಸ್‌ಟಿಡಿಲಿಬ್.ಎಚ್ ಕೊಡಿ" ಎಂದು ಇನ್‌ಕ್ಲೂಡ್_ನೆಕ್ಸ್ಟ್ ಮೂಲಕ ಕೇಳುತ್ತದೆ. ಮೈನಸ್ ಐಸಿಸ್ಟಮ್ ಕೊಟ್ಟದ್ದರಿಂದ /ಯುಎಸ್‌ಆರ್/ಇನ್‌ಕ್ಲೂಡ್ ಸರದಿಯ ಕೊನೆಯಿಂದ ಎದ್ದು, ಆ ಸಿ++ ಹೆಡರ್‌ಗಿಂತ ಮೊದಲಿನ ಜಾಗಕ್ಕೆ ಹೋಗಿ ಕೂತಿರುತ್ತದೆ. ಮುಂದೆ ನೋಡಿದರೆ ಯಾರೂ ಇಲ್ಲ. ಆ ಸಾಲನ್ನು ತೆಗೆದುಹಾಕಿ, ಹಳೆಯ ಬಿಲ್ಡ್ ಡೈರೆಕ್ಟರಿಯನ್ನೂ ಅಳಿಸಿ ಮತ್ತೆ ಸಿಮೇಕ್ ಓಡಿಸಬೇಕು. ಬರೀ ಸಾಲು ತೆಗೆದರೆ ಕೆಲವೊಮ್ಮೆ ಸಾಲದು. ಸಿಮೇಕ್ ತನ್ನ ಕ್ಯಾಶ್ ಫೈಲಿನಲ್ಲಿ ತಾನು ಹುಡುಕಿ ಕಂಡ ಹಳೆಯ ದಾರಿಗಳನ್ನು ಬರೆದಿಟ್ಟುಕೊಂಡಿರುತ್ತದೆ, ಕೇಳಿದವರಿಗೆಲ್ಲ ಅದನ್ನೇ ಓದಿ ಹೇಳುತ್ತದೆ.