"ಕಾಯಬೇಕು" ಅಂದದ್ದೇ ನನ್ನ ಉತ್ತರ

ನಾನು ಪ್ಯಾಥಾಲಜಿಸ್ಟ್, ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವವಳು. ಇವತ್ತು ಬೆಳಿಗ್ಗೆ ಆಪರೇಷನ್ ಥಿಯೇಟರಿನಿಂದ ಫ್ರೋಜನ್ ಸೆಕ್ಷನ್‌ಗೆ ಒಂದು ಥೈರಾಯ್ಡ್ ಗಂಟು ಬಂತು. ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ, ತಕ್ಷಣ ನೋಡಿ ಹೇಳುವ ಪರೀಕ್ಷೆ ಅದು. ಸ್ಲೈಡ್ ನೋಡಿ ಸರ್ಜನ್‌ಗೆ ಫೋನ್ ಮಾಡಿದೆ. "ಫಾಲಿಕ್ಯುಲರ್ ಗಂಟು ಸರ್. ಪ್ಯಾರಾಫಿನ್ ರಿಪೋರ್ಟ್‌ಗೆ ಕಾಯಬೇಕು." (ತುಂಡನ್ನು ಮೇಣದಲ್ಲಿ ಕೂರಿಸಿ ನಿಧಾನವಾಗಿ ಪರೀಕ್ಷಿಸಿ ಕೊಡುವ ಕೊನೆಯ ರಿಪೋರ್ಟ್ ಅದು.) ಆ ಕಡೆಯಿಂದ, "ಕ್ಯಾನ್ಸರ್ ಹೌದೋ ಅಲ್ವೋ ಅಷ್ಟು ಹೇಳಿ ಮೇಡಂ. ಅದೂ ಆಗಲ್ಲ ಅಂದ್ರೆ ಫ್ರೋಜನ್ ಯಾಕೆ ಮಾಡ್ತೀರಿ?" ಫೋನ್ ಇಟ್ಟೇಬಿಟ್ಟರು. ಸಂಜೆಯಾದರೂ ನನ್ನ ಸಿಟ್ಟು ಇಳಿದಿಲ್ಲ.

ಫಾಲಿಕ್ಯುಲರ್, ಅಂದರೆ ಥೈರಾಯ್ಡಿನ ಹಾರ್ಮೋನ್ ತಯಾರಿಸುವ ಕೋಶಗಳಿಂದಾದ ಗಂಟಿನಲ್ಲಿ ಬರೀ ಜೀವಕೋಶ ನೋಡಿ ಕ್ಯಾನ್ಸರ್ ಅಂತ ಹೇಳೋಕಾಗಲ್ಲ. ಸಾದಾ ಗಂಟಿನಲ್ಲೂ ಅವು ಹಾಗೇ ಕಾಣುತ್ತವೆ. ಗಂಟಿನ ಸುತ್ತಲಿನ ಪೊರೆಯನ್ನು ದಾಟಿವೆಯಾ, ರಕ್ತನಾಳದೊಳಗೆ ನುಗ್ಗಿವೆಯಾ, ಅದನ್ನು ನೋಡಬೇಕು. ಅದಕ್ಕೆ ಪೊರೆಯ ಸುತ್ತಳತೆಯಷ್ಟನ್ನೂ ತುಂಡು ತುಂಡಾಗಿ ಪರೀಕ್ಷಿಸಬೇಕು. ಫ್ರೋಜನ್‌ನಲ್ಲಿ ನನಗೆ ಸಿಗುವುದು 20 ನಿಮಿಷ, ಒಂದೋ ಎರಡೋ ತುಂಡು. ಮೈನಸ್ 20 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಿಸಿ, 5 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಗಡಿಬಿಡಿಯಲ್ಲಿ ಬಣ್ಣ ಹಾಕಿದ್ದು. ಒಳಗಿನ ನೀರು ಮಂಜಿನ ಹರಳಾಗಿ ಕೋಶಗಳ ಆಕಾರವನ್ನೇ ಕೆಡಿಸಿರುತ್ತದೆ. ಕೊಬ್ಬು ಜಾಸ್ತಿ ಇದ್ದರಂತೂ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ.

ಫ್ರೋಜನ್ ಬೇಡ ಅಂತಿಲ್ಲ ನಾನು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ, ಲಿಂಫ್ ನೋಡ್‌ಗೆ ಹರಡಿದೆಯಾ, ತೆಗೆದದ್ದು ಥೈರಾಯ್ಡಿನ ಪಕ್ಕದ ಪುಟ್ಟ ಗ್ರಂಥಿ ಪ್ಯಾರಾಥೈರಾಯ್ಡೇನಾ ಅಂತ ಕೇಳಿ, ಖುಷಿಯಿಂದ ಹೇಳುತ್ತೇನೆ. ಒಟ್ಟಾರೆ 100ರಲ್ಲಿ ಸುಮಾರು 95 ಸಲ ಫ್ರೋಜನ್ ಮತ್ತು ಕೊನೆಯ ರಿಪೋರ್ಟ್ ಹೊಂದುತ್ತವೆ. ಆದರೆ "ಕಾಯಬೇಕು" ಅಂದ ಕೇಸುಗಳನ್ನು ಸಾಮಾನ್ಯವಾಗಿ ಆ ಲೆಕ್ಕದಿಂದ ಹೊರಗೇ ಇಡುತ್ತಾರೆ. ಗೊತ್ತಾಗದಾಗ ಸುಮ್ನೆ ಏನೋ ಒಂದು ಹೇಳಿದ್ದರೆ ಆ 95 ಉಳಿಯುತ್ತಿತ್ತಾ?

ರೋಗಿಯ ಕುತ್ತಿಗೆ ತೆರೆದಿದೆ, ಸರ್ಜನ್ ಆಗಲೇ ನಿರ್ಧಾರ ಮಾಡಬೇಕು ಅಂತೀರಿ. ನಿಜ, ಆ ಒತ್ತಡ ನನಗೂ ಗೊತ್ತು. ಆದರೆ ನನ್ನ ಊಹೆ ನಂಬಿ ಥೈರಾಯ್ಡಿನ ಇನ್ನೊಂದು ಭಾಗವನ್ನೂ ತೆಗೆದರೆ ಅದನ್ನು ವಾಪಸ್ ಇಡೋಕಾಗುತ್ತಾ? ಆ ರೋಗಿ ಬದುಕಿಡೀ ಮಾತ್ರೆ ನುಂಗಬೇಕು. ಕಾದರೆ ಹೆಚ್ಚೆಂದರೆ ಇನ್ನೊಂದು ಆಪರೇಷನ್ ಆಗಬಹುದು. ಅದೂ ಕಷ್ಟವೇ. ಆದರೆ ಬೇಕು ಅಂತ ಖಚಿತವಾದ ಮೇಲೆ ಮಾಡುವ ಆಪರೇಷನ್ ಅದು.

ಒಂದು ಮಾತು ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥ ಒತ್ತಡಕ್ಕೆ ಬಗ್ಗಿದ್ದೆ. ಅಂಡಾಶಯದ ದೊಡ್ಡ ಗಡ್ಡೆ. ಎರಡು ಕಡೆ ತುಂಡು ತೆಗೆದು ನೋಡಿ "ಕ್ಯಾನ್ಸರ್ ಅಲ್ಲ" ಅಂದುಬಿಟ್ಟೆ. ಮೂರು ದಿನದ ಮೇಲೆ, ನಾನು ಅವತ್ತು ನೋಡದಿದ್ದ ಮೂಲೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ಆ ತಾಯಿ ಮತ್ತೆ ಆಪರೇಷನ್ ಟೇಬಲ್ ಹತ್ತಬೇಕಾಯಿತು. ಅವರ ಮಗಳು ಲ್ಯಾಬಿಗೇ ಬಂದು, "ಅವತ್ತು ಇಲ್ಲ ಅಂದಿದ್ರಲ್ಲ ಡಾಕ್ಟ್ರೇ?" ಅಂತ ಕೇಳಿದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವತ್ತಿನಿಂದ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಹೇಳುತ್ತಿದ್ದೇನೆ. ಯಾರು ಎಷ್ಟೇ ಕೂಗಾಡಲಿ.

ಇವತ್ತಿನ ಗಂಟು ಈಗ ಕೆಡದಂತೆ ಫಾರ್ಮಲಿನ್‌ನಲ್ಲಿದೆ. ನಾಳೆ ಅದರ ಪೊರೆಯನ್ನು ಪೂರ್ತಿ ಕೊಯ್ದು ಪ್ರೊಸೆಸಿಂಗ್‌ಗೆ ಹಾಕುತ್ತೇನೆ. ರಿಪೋರ್ಟ್ ಆದ ಕೂಡಲೇ ಆ ಸರ್ಜನ್‌ಗೆ ನಾನೇ ಫೋನ್ ಮಾಡುತ್ತೇನೆ.